ಇಂಜಿನ್ನಿನ ಕೀಲೆಣ್ಣೆಯನ್ನು ಆರಿಸುವ ಮತ್ತು ಬದಲಾಯಿಸುವ ಕ್ರಮ

ಅಚ್ಚಿಗೆ ಕೀಲೆಣ್ಣೆ ಹಾಕದೆ ಎತ್ತಿನ ಗಾಡಿಯನ್ನು ಸಂತೆಗೆ ಹೊರಡಿಸುವ ರೈತನು ಯಾವ ಗ್ರಾಮದಲ್ಲಿಯೂ ಇರಲಾರನು. ಅಚ್ಚು ಒಣಗಿದರೆ ಗಾಡಿಯು ಕಿರುಗುಟ್ಟಿ ಒಡೆಯನನ್ನು ಎಚ್ಚರಿಸುವುದು. ಎತ್ತುಗಳು ಹೆಜ್ಜೆಯನ್ನು ನಿಧಾನಿಸಿ ತಮ್ಮ ಕಷ್ಟವನ್ನು ತೋರಿಸುವುವು. ಇಂಜಿನ್ನಿನಲ್ಲಿ ಇಂತಹ ಎಚ್ಚರಿಕೆ ದೊರೆಯುವುದು ಕಡಿಮೆ. ಒಳಗಿನ ಎಣ್ಣೆ ಕೆಟ್ಟಿದ್ದರೂ ಅದು ಎಂದಿನಂತೆಯೇ ಓಡುತ್ತಿರುವುದು. ಸದ್ದು ಬದಲಾಗುವ ಹೊತ್ತಿಗೆ ಬೇರಿಂಗುಗಳೂ ಪಿಸ್ಟನ್ನಿನ ಬಳೆಗಳೂ ಸವೆದುಹೋಗಿರುವುವು. ಅದೂ ಸಾಮಾನ್ಯವಾಗಿ ಇಂಜಿನ್ನಿಗೆ ವಿಶೇಷ ಕೆಲಸವಿರುವ ಕಾಲದಲ್ಲಿಯೇ, ಎಂದರೆ ಬೇಸಿಗೆ ಬತ್ತವು ಹೊಡೆ ತುಂಬುವಾಗಲೋ, ಮುಂಗಾರಿನ ಹದ ನಿಲ್ಲುವ ಮೂರು ನಾಲ್ಕು ದಿನಗಳಲ್ಲಿಯೋ ಸಂಭವಿಸುವುದು. ಆಗ ಪಟ್ಟಣದಿಂದ ಮೇಸ್ತ್ರಿಯನ್ನು ಕರೆಯಿಸಿ, ಸಾಮಾನು ತರಿಸಿ, ಇಂಜಿನ್ನನ್ನು ಬಿಚ್ಚಿ ಕೂಡಿಸುವುದಕ್ಕೆ ಒಂದು ವಾರ ಹಿಡಿದರೆ, ದುರಸ್ತಿಯ ವೆಚ್ಚಕ್ಕಿಂತ ಪೈರಿನ ನಷ್ಟವೇ ಹೆಚ್ಚಾಗುವುದು.

ನೀರೆತ್ತುವುದಕ್ಕೆ ಎಣ್ಣೆ ಇಂಜಿನ್ನನ್ನು ಉಪಯೋಗಿಸುವ ಪದ್ಧತಿ ಈ ಸೀಮೆಗೆ ಹೊಸದಲ್ಲ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮದರಾಸು ಆಧಿಪತ್ಯದಲ್ಲಿಯೂ ತರುವಾಯ ಮೈಸೂರು ಸಂಸ್ಥಾನದಲ್ಲಿಯೂ ಆಲ್‌ಫ್ರೆಡ್ ಚಾಟರ್ಟನ್ನರು ಇದಕ್ಕಾಗಿ ಬಹಳ ಶ್ರಮಪಟ್ಟರು. ಈಗ ಅನೇಕ ಬಾವಿಗಳಿಗೆ ವಿದ್ಯುತ್ ಮೋಟಾರುಗಳು ಬಂದಿವೆ. ಆದರೂ ಹೊಳೆ ಹಳ್ಳಗಳ ದಡದ ಡೀಸೆಲ್ ಪಂಪುಗಳೂ ಟ್ರ್ಯಾಕ್ಟರುಗಳೂ ಪವರ್ ಟಿಲ್ಲರುಗಳೂ ಸೇರಿ, ಇಂಜಿನ್ನಿನ ಸಂಬಂಧವಿಲ್ಲದ ಹಿಡುವಳಿಯೇ ವಿರಳವಾಗಿದೆ.

ಎಣ್ಣೆಯು ಮಾಡುವ ಕೆಲಸ

ಉಜ್ಜುವ ಎರಡು ಲೋಹಗಳ ನಡುವೆ ತೆಳುವಾದ ಪೊರೆಯಂತೆ ನಿಂತು ಸವೆತವನ್ನು ತಡೆಯುವುದೊಂದೇ ಎಣ್ಣೆಯ ಕೆಲಸವೆಂದು ಬಹು ಜನರು ತಿಳಿದಿರುವರು. ಅದು ಮುಖ್ಯವಾದರೂ ಅಷ್ಟೇ ಅಲ್ಲ. ನೀರಿನ ತಂಪು ತಲುಪದ ಪಿಸ್ಟನ್ನಿನ ಒಳಭಾಗದಿಂದ ಶಾಖವನ್ನು ಹೊತ್ತು ತರುವುದೂ, ಪಿಸ್ಟನ್ನಿನ ಬಳೆಗಳಿಗೂ ಸಿಲಿಂಡರಿಗೂ ನಡುವಿನ ಸಂದನ್ನು ಮುಚ್ಚಿ ಒತ್ತಡವು ಸೋರದಂತೆ ಕಾಯುವುದೂ, ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಗಂಟುಕಟ್ಟಲು ಬಿಡದೆ ತನ್ನೊಳಗೆ ಚದುರಿಸಿಟ್ಟುಕೊಳ್ಳುವುದೂ, ಉರಿಯಿಂದಾಗುವ ಆಮ್ಲವನ್ನು ನಿವಾರಿಸುವುದೂ ಎಣ್ಣೆಯಿಂದಲೇ ಆಗತಕ್ಕವು. ಕೊನೆಯ ಎರಡು ಕೆಲಸಗಳಿಗಾಗಿ ಕಾರ್ಖಾನೆಯಲ್ಲಿ ಎಣ್ಣೆಗೆ ಕೆಲವು ರಾಸಾಯನಿಕ ದ್ರವ್ಯಗಳನ್ನು ಬೆರೆಸಿರುವರು. ಈ ದ್ರವ್ಯಗಳು ದುಡಿದಂತೆ ಮುಗಿದುಹೋಗುವುವು. ಆದಕಾರಣ ಎಣ್ಣೆಯು ಅಳತೆಯಲ್ಲಿ ಪೂರ್ತಿಯಾಗಿದ್ದರೂ ಗುಣದಲ್ಲಿ ಬರಿದಾಗಿರಬಹುದು.

ಹರಳೆಣ್ಣೆಯು ಒಳ್ಳೆಯ ಕೀಲೆಣ್ಣೆಯೆಂಬುದು ನಿಜ. ಮೊದಲನೆಯ ಮಹಾಯುದ್ಧದ ವಿಮಾನಗಳ ಇಂಜಿನ್ನುಗಳಿಗೆ ಅದನ್ನೇ ಹಾಕುತ್ತಿದ್ದರು. ಆದರೆ ಅದು ಬಿಸಿಯಲ್ಲಿ ಬಹುಕಾಲ ನಿಂತರೆ ಅಂಟಾಗಿ ಕಟ್ಟಿಕೊಳ್ಳುವುದರಿಂದ, ಒಂದೇ ಎಣ್ಣೆ ನೂರಾರು ಗಂಟೆ ಸುತ್ತುತ್ತಿರಬೇಕಾದ ಇಂಜಿನ್ನುಗಳಿಗೆ ಯೋಗ್ಯವಲ್ಲ.

ಡಬ್ಬದ ಮೇಲಿನ ಎರಡು ಗುರುತುಗಳು

ಅಂಗಡಿಯಲ್ಲಿ ಡಬ್ಬದ ಬಣ್ಣವನ್ನಾಗಲಿ ಅದರ ಮೇಲಿನ ಚಿತ್ರವನ್ನಾಗಲಿ ನೋಡಿ ಎಣ್ಣೆಯನ್ನು ಕೊಳ್ಳತಕ್ಕದ್ದಲ್ಲ. ನೋಡಬೇಕಾದವು ಎರಡು ಗುರುತುಗಳು.

ಮೊದಲನೆಯದು ಮಂದತೆಯ ಗುರುತು. ಇದನ್ನು ಎಸ್.ಎ.ಇ. ಎಂಬ ಅಕ್ಷರಗಳ ಮುಂದೆ ಅಂಕಿಗಳಲ್ಲಿ ಅಚ್ಚುಹಾಕಿರುವರು. ಅಂಕಿ ಹೆಚ್ಚಿದಷ್ಟೂ ಎಣ್ಣೆ ಮಂದ. ಜೋನಿ ಬೆಲ್ಲವು ಮಾಗಿಯ ಬೆಳಗಿನಲ್ಲಿ ಗಡಿಗೆಯಿಂದ ಇಳಿಯಲಾರದೆ, ಒಲೆಯ ಪಕ್ಕದಲ್ಲಿಟ್ಟರೆ ನೀರಿನಂತೆ ಹರಿಯುವುದನ್ನು ಎಲ್ಲರೂ ನೋಡಿರುವರು. ಎಣ್ಣೆಯ ಸ್ವಭಾವವೂ ಹೀಗೆಯೇ. ತಣ್ಣಗಿರುವಾಗ ಅತಿ ಮಂದವಾದರೆ ಇಂಜಿನ್ನು ಹೊರಟ ಮೊದಲ ಕ್ಷಣಗಳಲ್ಲಿ ಅದು ಬೇರಿಂಗುಗಳನ್ನು ತಲುಪುವುದಿಲ್ಲ. ಬಿಸಿಯಾದ ಮೇಲೆ ಅತಿ ತೆಳುವಾದರೆ ಪೊರೆ ಹರಿದು ಲೋಹಕ್ಕೆ ಲೋಹ ತಾಕುವುದು. ಇದಕ್ಕೆ ಪರಿಹಾರವಾಗಿ ಬಂದವೇ ಎರಡು ಅಂಕಿಗಳ ಎಣ್ಣೆಗಳು. 15 ಡಬ್ಲ್ಯು-40 ಎಂದಿದ್ದರೆ, ಚಳಿಯಲ್ಲಿ 15ರ ವರ್ಗದ ಎಣ್ಣೆಯಂತೆ ಸಲೀಸಾಗಿ ಹರಿದು, ಕಾದಾಗ 40ರ ಎಣ್ಣೆಯಷ್ಟು ಮಂದತೆಯನ್ನು ಉಳಿಸಿಕೊಳ್ಳುವುದೆಂದು ಅರ್ಥ. ಡಬ್ಲ್ಯು ಎಂಬುದು ಚಳಿಗಾಲವನ್ನು ಸೂಚಿಸುವ ಇಂಗ್ಲಿಷ್ ಅಕ್ಷರ. ಕೊಡಗು, ಚಿಕ್ಕಮಗಳೂರುಗಳ ತಣ್ಣನೆಯ ಬೆಳಗಿಗೂ ರಾಯಚೂರು, ಕಲಬುರಗಿಗಳ 40 ಡಿಗ್ರಿ ಮೀರುವ ಬೇಸಿಗೆಗೂ ಈ ಎಣ್ಣೆ ಒದಗುವುದು. 20 ಡಬ್ಲ್ಯು-40 ಎಂಬುದೂ ಟ್ರ್ಯಾಕ್ಟರುಗಳಲ್ಲಿ ಬಳಕೆಯಲ್ಲಿದೆ. ಹಳೆಯ ಮಾದರಿಯ ಪಂಪು ಇಂಜಿನ್ನುಗಳ ಪುಸ್ತಕದಲ್ಲಿ ಬರಿಯ 30 ಅಥವಾ 40 ಎಂದು ಹೇಳಿದ್ದರೆ ಹಾಗೆಯೇ ನಡೆಯಬಹುದು.

ಇಂಜಿನ್ನು ಸವೆದು ನೀಲಿ ಹೊಗೆ ಬಿಡತೊಡಗಿದಾಗ ಇನ್ನೂ ಮಂದವಾದ ಎಣ್ಣೆಯನ್ನು ಹಾಕುವವರುಂಟು. ಹೊಗೆ ಸ್ವಲ್ಪ ತಗ್ಗಬಹುದು. ಸವೆದ ಬಳೆಗಳು ಇದರಿಂದ ಸರಿಹೋಗುವುದಿಲ್ಲ. ಬೆಳಗಿನ ಹೊರಡುವಿಕೆಯಲ್ಲಿ ಬೇರಿಂಗುಗಳ ಸವೆತ ಮಾತ್ರ ಹೆಚ್ಚುವುದು. ಹೊಗೆಯನ್ನು ಮರೆಮಾಡಿ ಇಂಜಿನ್ನನ್ನು ಮಾರುವವನಿಗೆ ಇದು ಉಪಾಯವೇ ಹೊರತು ಇಟ್ಟುಕೊಳ್ಳುವವನಿಗಲ್ಲ.

ಎರಡನೆಯದು ಎ.ಪಿ.ಐ. ಎಂಬ ಗುಣದ ಗುರುತು. ಎಸ್ ಅಕ್ಷರದಿಂದ ಆರಂಭವಾದರೆ ಪೆಟ್ರೋಲ್ ಇಂಜಿನ್ನಿಗೆ, ಸಿ ಅಕ್ಷರದಿಂದ ಆರಂಭವಾದರೆ ಡೀಸೆಲ್ ಇಂಜಿನ್ನಿಗೆ ಸಲ್ಲತಕ್ಕದ್ದು. ಸಿ.ಎಫ್.-4, ಸಿ.ಎಚ್.-4, ಸಿ.ಐ.-4 ಎಂದು ಅಕ್ಷರವು ಮುಂದುವರಿದಂತೆ ಎಣ್ಣೆಯ ಯೋಗ್ಯತೆ ಹೆಚ್ಚುವುದು. ಪುಸ್ತಕವು ಕೇಳಿದ ದರ್ಜೆಗಿಂತ ಮುಂದಿನದನ್ನು ಹಾಕಿದರೆ ಸಾಮಾನ್ಯವಾಗಿ ದೋಷವಿಲ್ಲ, ಹಿಂದಿನದನ್ನು ಹಾಕತಕ್ಕದ್ದಲ್ಲ. ಟ್ರ್ಯಾಕ್ಟರಿನ ಗೇರು ಪೆಟ್ಟಿಗೆಗೂ ಹೈಡ್ರಾಲಿಕ್ ಲಿಫ್ಟಿಗೂ ಇರುವ ಎಣ್ಣೆ ಬೇರೆ. ಔಷಧಿ ಸಿಂಪಡಿಸುವ ಸಣ್ಣ ಯಂತ್ರಗಳಲ್ಲಿ ಪೆಟ್ರೋಲಿನೊಡನೆ ಬೆರೆಸುವ 2 ಟಿ ಎಣ್ಣೆಯೂ ಬೇರೆ. ಇವುಗಳನ್ನು ಒಂದರ ಬದಲು ಮತ್ತೊಂದಕ್ಕೆ ಸುರಿದು ಯಂತ್ರಗಳನ್ನು ಕೆಡಿಸಿಕೊಳ್ಳಬಾರದು.

ಬಿಡಿ ಎಣ್ಣೆ ಅಗ್ಗವೆಂದು ಕೊಳ್ಳುವುದು ಅಪಾಯಕರ. ಮೊಹರು ಒಡೆಯದ ಡಬ್ಬವನ್ನು ರಸೀದಿಯೊಡನೆ ತಂದು, ಬರಿದಾದ ಮೇಲೆ ಡಬ್ಬಕ್ಕೆ ತೂತು ಹೊಡೆಯಬೇಕು. ಇಲ್ಲದಿದ್ದರೆ ಅದೇ ಡಬ್ಬವು ಕೊಳಕು ಎಣ್ಣೆಯನ್ನು ತುಂಬಿಕೊಂಡು ಮತ್ತೊಬ್ಬ ರೈತನ ಮನೆಗೆ ಬರಬಹುದು.

ಎಷ್ಟು ದಿನಕ್ಕೊಮ್ಮೆ?

ಈ ಪ್ರಶ್ನೆಯೇ ಸರಿಯಲ್ಲ; ಎಷ್ಟು ಗಂಟೆಗೊಮ್ಮೆ ಎಂದು ಕೇಳಬೇಕು. ಆಯುಧಪೂಜೆಗೆ ಇಂಜಿನ್ನನ್ನು ತೊಳೆದು, ಎಣ್ಣೆ ಬದಲಾಯಿಸಿ, ಕುಂಕುಮವಿಟ್ಟು ಪೂಜಿಸುವ ವಾಡಿಕೆ ಒಳ್ಳೆಯದೇ. ವರ್ಷದಲ್ಲಿ ಅಲ್ಪ ಕಾಲ ಮಾತ್ರ ಓಡುವ ಪಂಪಿಗೆ ಅದು ಸಾಲಬಹುದು. ಆದರೆ ಬಾಡಿಗೆಗೆ ಹೋಗುವ ಟ್ರ್ಯಾಕ್ಟರು ಮುಂಗಾರಿನಲ್ಲಿ ದಿನಕ್ಕೆ 10 ಗಂಟೆಯಂತೆ 25 ದಿನ ದುಡಿದರೆ 250 ಗಂಟೆಗಳಾದವು. ಅನೇಕ ಟ್ರ್ಯಾಕ್ಟರುಗಳ ಪುಸ್ತಕದಲ್ಲಿ ಎಣ್ಣೆ ಬದಲಾಯಿಸುವುದಕ್ಕೆ ವಿಧಿಸಿರುವ ಗಡುವು ಇದೇ. ಎಂದರೆ ವರ್ಷದ ಎಣ್ಣೆಯ ಆಯುಸ್ಸು ಒಂದೇ ತಿಂಗಳಿನಲ್ಲಿ ಮುಗಿಯಿತು. ಉಳಿದ ತಿಂಗಳುಗಳೆಲ್ಲ ಸತ್ತ ಎಣ್ಣೆಯಲ್ಲಿ ದುಡಿದಂತಾಯಿತು. ಸಣ್ಣ ಪಂಪು ಇಂಜಿನ್ನುಗಳಿಗೆ ಗಡುವು ಇದಕ್ಕಿಂತ ಕಡಿಮೆಯಿರುವುದುಂಟು. ಹೊಸ ಮಾದರಿಯ ಕೆಲವು ಟ್ರ್ಯಾಕ್ಟರುಗಳಿಗೆ ಹೆಚ್ಚಾಗಿಯೂ ಇದೆ. ಆಯಾ ಪುಸ್ತಕದ ಮಾತೇ ಪ್ರಮಾಣ. ಹೊಸ ಇಂಜಿನ್ನಿನ ಮೊದಲ ಎಣ್ಣೆಯನ್ನು ಮಾತ್ರ ಬಹಳ ಬೇಗ, ಸಾಮಾನ್ಯವಾಗಿ 50 ಗಂಟೆಗಳ ಸುಮಾರಿಗೆ, ತೆಗೆಯಬೇಕು. ಹೊಸ ಭಾಗಗಳು ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ಅದರಲ್ಲಿರುವುದು.

ಟ್ರ್ಯಾಕ್ಟರಿಗೆ ಗಂಟೆ ತೋರಿಸುವ ಮೀಟರುಂಟು. ಪಂಪಿಗೆ ಇಲ್ಲದಿದ್ದರೆ ಶೆಡ್ಡಿನ ಬಾಗಿಲ ಹಿಂದೆ ಸೀಮೆಸುಣ್ಣದಿಂದ ದಿನದ ಗಂಟೆಗಳನ್ನು ಗೀಚಿದರೂ ಸಾಕು. ಅಣ್ಣತಮ್ಮಂದಿರ ಪಾಲಿನಲ್ಲಿರುವ ಇಂಜಿನ್ನಿಗೆ ಈ ಲೆಕ್ಕವು ಅತ್ಯಾವಶ್ಯಕ. ಇಲ್ಲದಿದ್ದರೆ ಎಣ್ಣೆ ಹಾಕುವ ಸರದಿ ಪ್ರತಿಯೊಬ್ಬನಿಗೂ ಮತ್ತೊಬ್ಬನದಾಗಿಯೇ ಕಾಣುವುದು.

ಹಿಂದೆ ಡೀಸೆಲಿನಲ್ಲಿ ಗಂಧಕದ ಅಂಶ ಹೆಚ್ಚಾಗಿದ್ದು ಆಮ್ಲವೂ ಹೆಚ್ಚು ಹುಟ್ಟುತ್ತಿದ್ದಿತು. 2000ನೆಯ ಇಸವಿಯ ನಿಯಮದಲ್ಲಿ ಹತ್ತು ಲಕ್ಷ ಭಾಗಕ್ಕೆ 2500 ಭಾಗಗಳವರೆಗೆ ಇದ್ದ ಈ ಮಿತಿಯನ್ನು 2020ನೆಯ ಏಪ್ರಿಲ್ 1ರಿಂದ ದೇಶದಲ್ಲೆಲ್ಲಾ 10 ಭಾಗಗಳಿಗೆ ಇಳಿಸಲಾಯಿತು. ಆದಕಾರಣ ಹಿರಿಯ ಮೇಸ್ತ್ರಿಗಳು ಹೇಳುವ ಅತಿ ಕಿರಿದಾದ ಗಡುವುಗಳು ಕೆಲವೆಡೆ ಈಗ ಅನಾವಶ್ಯಕ. ಧೂಳಿಗೆ ಮಾತ್ರ ಈ ರಿಯಾಯಿತಿ ಅನ್ವಯಿಸದು. ಕಣದಲ್ಲಿ ರಾಗಿ ಒಕ್ಕುವಾಗಲೂ ಒಣ ನೆಲವನ್ನು ಉಳುವಾಗಲೂ ಏಳುವ ಧೂಳಿನಲ್ಲಿ ಮರಳಿನ ಸೂಕ್ಷ್ಮ ಕಣಗಳಿರುವುವು. ಗಾಳಿ ಸೋಸುವ ಫಿಲ್ಟರು ಕೊಳೆಯಾಗಿದ್ದರೆ ಅಥವಾ ಅದರ ಕೊಳವೆ ಬಿರಿದಿದ್ದರೆ ಈ ಕಣಗಳು ಎಣ್ಣೆಯೊಡನೆ ಸೇರಿ ಸಾಣೆಯ ಕೆಲಸ ಮಾಡುವುವು. ಎಷ್ಟು ಬೆಲೆಯ ಎಣ್ಣೆಯೂ ಇದನ್ನು ತಡೆಯಲಾರದು. ಇಂತಹ ಕೆಲಸದ ದಿನಗಳಲ್ಲಿ ಗಾಳಿಯ ಫಿಲ್ಟರನ್ನು ಪ್ರತಿದಿನ ನೋಡಬೇಕು. ಎಣ್ಣೆಯ ಗಡುವನ್ನು ಅರ್ಧಕ್ಕೆ ಇಳಿಸುವುದು ವಿವೇಕ. ಪ್ರತಿಸಲವೂ ಹತ್ತು ನಿಮಿಷ ಮಾತ್ರ ಓಡಿ ನಿಲ್ಲುವ ಇಂಜಿನ್ನಿಗೂ ಹೀಗೆಯೇ. ಅದು ಚೆನ್ನಾಗಿ ಕಾಯದ ಕಾರಣ ಒಳಗೆ ಹನಿಗಟ್ಟಿದ ನೀರು ಆವಿಯಾಗದೆ ಎಣ್ಣೆಯಲ್ಲಿ ನಿಲ್ಲುವುದು.

ಮಳೆಗಾಲದಲ್ಲಿ ಪಂಪನ್ನು ಎತ್ತಿಡುವವರು ಹಳೆಯ ಎಣ್ಣೆಯನ್ನು ಎತ್ತಿಡುವ ಮೊದಲೇ ತೆಗೆದು ಹೊಸದನ್ನು ತುಂಬಬೇಕು. ಆಮ್ಲ ತುಂಬಿದ ಎಣ್ಣೆ ನಾಲ್ಕು ತಿಂಗಳು ಒಳಗೆ ನಿಂತರೆ ಬೇರಿಂಗನ್ನು ಕುಳಿತಲ್ಲಿಯೇ ತಿನ್ನುವುದು. ಹಣ ಉಳಿಸುವುದಕ್ಕಾಗಿ ಇದನ್ನು ಮುಂದಿನ ಬೇಸಿಗೆಗೆ ತಳ್ಳುವುದೇ ಹೆಚ್ಚಾಗಿ ಕಂಡುಬರುವ ತಪ್ಪು.

ಎಣ್ಣೆಯನ್ನು ಪರೀಕ್ಷಿಸುವುದು

ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ತಿಳಿಯಬಾರದು. ಡೀಸೆಲ್ ಇಂಜಿನ್ನಿನಲ್ಲಿ ಹೊಸ ಎಣ್ಣೆಯು ಕೆಲವು ಗಂಟೆಗಳಲ್ಲಿಯೇ ಕಪ್ಪಾಗುವುದು. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತಿರುವುದಕ್ಕೆ ಅದೇ ಸಾಕ್ಷಿ. ಬಿಸಿ ಎಣ್ಣೆಯ ಒಂದು ತೊಟ್ಟನ್ನು ಒತ್ತು ಕಾಗದದ ಮೇಲೆ ಬಿಟ್ಟು ಕೆಲವು ಗಂಟೆಗಳ ತರುವಾಯ ನೋಡಿದರೆ ಸ್ವಲ್ಪ ತಿಳಿಯುವುದು. ಕಪ್ಪು ಹದವಾಗಿ ಹೊರಕ್ಕೆ ಹರಡಿದ್ದರೆ ಎಣ್ಣೆಗೆ ಇನ್ನೂ ಶಕ್ತಿಯಿದೆ; ಮಸಿಯೆಲ್ಲ ನಡುವೆ ಬೊಟ್ಟಿನಂತೆ ನಿಂತು ಸುತ್ತಲೂ ಬರಿಯ ಜಿಡ್ಡಿನ ಉಂಗುರವಿದ್ದರೆ ಶಕ್ತಿ ಉಡುಗಿದೆ. ಆದರೂ ಈ ಪರೀಕ್ಷೆ ಗಂಟೆಯ ಲೆಕ್ಕಕ್ಕೆ ಬದಲಾಗಲಾರದು.

ಅಳತೆಯ ಕಡ್ಡಿಯನ್ನು ಸಮನೆಲದಲ್ಲಿ, ಇಂಜಿನ್ನು ನಿಂತು ಹತ್ತು ನಿಮಿಷಗಳಾದ ಮೇಲೆ ನೋಡತಕ್ಕದ್ದು. ಕಡಿಮೆಯಿದ್ದರೆ ಅದೇ ಜಾತಿಯ ಎಣ್ಣೆಯನ್ನು ಮೇಲಿನ ಗೆರೆಯವರೆಗೆ ತುಂಬಬೇಕು. ಗೆರೆ ಮೀರಿದರೆ ಎಣ್ಣೆ ನೊರೆಗಟ್ಟಿ ಕೆಲಸಕ್ಕೆ ಬಾರದು. ಹೀಗೆ ಆಗಾಗ್ಗೆ ತುಂಬುವುದನ್ನು ಬದಲಾವಣೆಯೆಂದು ಎಣಿಸಬಾರದು. ಹಾಕದೆಯೇ ಮಟ್ಟ ಏರಿದ್ದರೆ ರೈತನು ಸಂತೋಷಪಡುವಂತಿಲ್ಲ. ಡೀಸೆಲ್ ಅಥವಾ ನೀರು ಒಳಗೆ ಸೋರುತ್ತಿದೆ. ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ನೀರೆಂಬುದು ಖಂಡಿತ. ಆಗ ಇಂಜಿನ್ನನ್ನು ನಿಲ್ಲಿಸಿ ಮೇಸ್ತ್ರಿಗೆ ತೋರಿಸಬೇಕು.

ಬದಲಾಯಿಸುವಾಗ ಇಂಜಿನ್ನು ಬೆಚ್ಚಗಿರಬೇಕು. ಆಗ ಮಸಿಯೂ ಎಣ್ಣೆಯೊಡನೆ ಇಳಿದುಬರುವುದು. ಎಣ್ಣೆಯ ಫಿಲ್ಟರನ್ನೂ ಜೊತೆಯಲ್ಲಿಯೇ ಬದಲಾಯಿಸತಕ್ಕದ್ದು. ಹಳೆಯದನ್ನು ಉಳಿಸುವುದು ಸ್ನಾನ ಮಾಡಿ ಮೈಲಿಗೆ ಬಟ್ಟೆ ಉಟ್ಟಂತೆ. ಹೊಸ ಎಣ್ಣೆ ತುಂಬಿ ಹೊರಡಿಸಿದ ಕೆಲವು ಕ್ಷಣಗಳಲ್ಲಿ ಒತ್ತಡದ ದೀಪ ಆರದಿದ್ದರೆ ಕೂಡಲೇ ನಿಲ್ಲಿಸಬೇಕು.

ತೆಗೆದ ಎಣ್ಣೆಯ ವಿಚಾರ

ಹಳೆಯ ಎಣ್ಣೆಯನ್ನು ದನಗಳ ಗಾಯಕ್ಕೆ ಸವರುವುದೂ ಕಾಲುವೆಯ ಬದಿಗೆ ಚೆಲ್ಲುವುದೂ ಕೆಲವೆಡೆ ರೂಢಿಯಲ್ಲಿವೆ. ಅದರಲ್ಲಿ ಚರ್ಮಕ್ಕೆ ಪದೇ ಪದೇ ತಾಕಿದರೆ ಹುಣ್ಣರ್ಬುದವನ್ನು ತರಬಲ್ಲ ದ್ರವ್ಯಗಳಿವೆ. ಬಾವಿಯ ನೀರಿಗೆ ಸೇರಿದರೆ ಆ ನೀರು ಕುಡಿಯುವುದಕ್ಕೆ ಅನರ್ಹವಾಗುವುದು. 2016ರ ಅಪಾಯಕಾರಿ ತ್ಯಾಜ್ಯಗಳ ನಿಯಮಗಳು ಇದನ್ನೂ ಒಳಗೊಂಡಿವೆ. ಗ್ರಾಮದ ಪ್ರಮುಖರು ಮನಸ್ಸು ಮಾಡಿದರೆ ಊರಿಗೊಂದು ಪೀಪಾಯಿಯನ್ನು ನೆರಳಿನಲ್ಲಿಡಿಸಿ, ಎಲ್ಲರ ಹಳೆಯ ಎಣ್ಣೆಯನ್ನೂ ಅದರಲ್ಲಿ ಕೂಡಿಸಿ, ಪರವಾನಗಿಯುಳ್ಳ ಸಂಸ್ಕರಣದವರಿಗೆ ಮಾರಬಹುದು. ಪೀಪಾಯಿಗೆ ಭದ್ರವಾದ ಮುಚ್ಚಳವಿರಬೇಕು. ಮಳೆಯ ನೀರು ಬೆರೆತರೆ ಕೊಳ್ಳುವವರು ಬೆಲೆಯನ್ನು ಇಳಿಸುವರು.