ಓಡಾಡುತ್ತಾ ಹೇಳುವ ಮಗ್ಗಿ

ಮೈಸೂರಿನಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಆಟಿಸಂ ಇರುವ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಈಚೆಗೆ ದೊಡ್ಡವರೂ ಬರುತ್ತಿದ್ದಾರೆ. ಮೊದಲ ದಿನ ತಂದೆತಾಯಿ ಕೇಳುವುದು ಹೆಚ್ಚುಕಡಿಮೆ ಒಂದೇ: "ಒಂದು ಕಡೆ ಕೂರೋದೇ ಇಲ್ಲ ಮೇಡಮ್. ಕೂತ್ರೆ ತಾನೇ ತಲೆಗೆ ಹತ್ತೋದು?" ಈ ಮಾತಿನ ಎರಡನೇ ಅರ್ಧವನ್ನು ನಾನು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ, ಅದರ ಬದಲು ಏನು ಮಾಡಬಹುದು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಎಲ್ಲರಿಗೂ ಎಲ್ಲವೂ ಹೊಂದುವುದಿಲ್ಲ. ನಿಮ್ಮ ಮಗುವನ್ನು ನೋಡಿ ಆರಿಸಿಕೊಳ್ಳಿ.

1. ಕೈಕಟ್ಟಿ ಕೂತವರೆಲ್ಲ ಪಾಠ ಕೇಳುತ್ತಿರುವುದಿಲ್ಲ.

ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತಾ ಏಳರ ಮಗ್ಗಿ ಹೇಳುತ್ತಾನೆ. ಗೋಡೆ ಸಿಕ್ಕಾಗ ಅಂಗೈಯಿಂದ ಒಮ್ಮೆ ಬಡಿದು, "ಏಳೈದ್ಲಿ ಮೂವತ್ತೈದು" ಎಂದು ತಿರುಗುತ್ತಾನೆ. ಮುಂದಿನ ಗೋಡೆಗೆ ಮುಂದಿನ ಸಾಲು. ಎಪ್ಪತ್ತರವರೆಗೆ ಎಲ್ಲೂ ತಪ್ಪುವುದಿಲ್ಲ. ಅವನನ್ನೇ ಬೆಂಚಿನ ಮೇಲೆ ಕೂರಿಸಿ ಕೈಕಟ್ಟಿಸಿದರೆ ಇಪ್ಪತ್ತೆಂಟಕ್ಕೆ ನಿಂತುಬಿಡುತ್ತಾನೆ. ಕಣ್ಣು ಮಂಕಾಗುತ್ತದೆ, ಬೆರಳುಗಳು ಕಂಕುಳಲ್ಲಿ ಬಿಗಿಯಾಗುತ್ತವೆ. ಮಗ್ಗಿ ಅವನಿಗೆ ಬರುತ್ತದೆ. ಆ ಹೊತ್ತಿನಲ್ಲಿ ಅವನ ಗಮನವೆಲ್ಲ ಮೈಯನ್ನು ಅಲ್ಲಾಡದಂತೆ ಹಿಡಿದಿಡುವುದಕ್ಕೇ ಖರ್ಚಾಗುತ್ತಿರುತ್ತದೆ. ತುಂಬಿದ ಕೊಡ ತಲೆಯ ಮೇಲಿಟ್ಟುಕೊಂಡು ನಿಂತವರನ್ನು ಲೆಕ್ಕ ಕೇಳಿದ ಹಾಗೆ.

ಕೈ ಪಟಪಟ ಆಡಿಸುವುದು, ಹಿಂದೆಮುಂದೆ ತೂಗುವುದು, ತುದಿಗಾಲಲ್ಲಿ ನಡೆಯುವುದು, ಗಿರಗಿರ ತಿರುಗುವುದು, ಇವಕ್ಕೆಲ್ಲ ಸ್ಟಿಮ್ಮಿಂಗ್ ಎನ್ನುತ್ತಾರೆ. 2019ರಲ್ಲಿ ಸಂಶೋಧಕ ಸ್ಟೀವನ್ ಕ್ಯಾಪ್ ಮತ್ತು ಜೊತೆಗಾರರು ಆಟಿಸಂ ಇರುವ ವಯಸ್ಕರನ್ನೇ ಕೂರಿಸಿ ಇದರ ಬಗ್ಗೆ ಕೇಳಿದರು. ಸುತ್ತಲಿನ ಸದ್ದುಗದ್ದಲ, ತಡೆಯಲಾಗದ ಭಾವನೆ, ತಲೆಯೊಳಗಿನ ಗಲಾಟೆ ಇವನ್ನೆಲ್ಲ ಹತೋಟಿಗೆ ತಂದುಕೊಳ್ಳಲು ಇದು ಬೇಕು ಎಂದರು ಅವರು. ಇದನ್ನು ಬಿಡಿಸಲೆಂದೇ ಮಾಡುವ ಚಿಕಿತ್ಸೆಗಳು ಬೇಡ ಎಂದೂ ಹೇಳಿದರು. ನಮ್ಮ ವೃತ್ತಿಯವರು ದಶಕಗಳ ಕಾಲ ಈ ಚಲನೆಗಳನ್ನು ಹೊರಗಿನಿಂದ ನೋಡಿ ಎಣಿಸಿದ್ದೇ ಹೆಚ್ಚು. ಅನುಭವಿಸುವವರನ್ನು ಕೇಳಲು ಇಷ್ಟು ತಡವಾಗಬಾರದಿತ್ತು.

2. ಒಂದೇ ಚಲನೆಗೆ ಹತ್ತು ಕಾರಣ ಇರಬಹುದು.

ನಮ್ಮ ದೇಶದಲ್ಲಿ ಆಟಿಸಂ ಪ್ರಮಾಣಪತ್ರಕ್ಕೆ ಬಳಸುವ ಐಎಸ್‌ಎಎ ಮಾಪನದಲ್ಲಿ 40 ಅಂಶಗಳಿವೆ. ಮತ್ತೆಮತ್ತೆ ಮಾಡುವ ಚಲನೆಯೂ ಅದರಲ್ಲೊಂದು. ಮಗು ಎಷ್ಟು ಹೊತ್ತು ಮಾಡುತ್ತದೆ ಎಂದು ನೋಡಿ ಅಂಕ ಹಾಕುತ್ತೇವೆ. ಯಾಕೆ ಮಾಡುತ್ತದೆ ಎನ್ನುವುದು ಆ ಹಾಳೆಯಲ್ಲಿ ಸಿಗುವುದಿಲ್ಲ, ಅದನ್ನು ಮನೆಯಲ್ಲೇ ಹುಡುಕಬೇಕು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಹಾಕಿ: ಮುಂಚೆ ಏನಾಗಿತ್ತು, ಏನು ಮಾಡಿತು, ಆಮೇಲೆ ಏನಾಯಿತು. ವಾರ ಕಳೆಯುವಷ್ಟರಲ್ಲಿ ಒಂದು ಜಾಡು ಕಾಣುತ್ತದೆ. ಮಿಕ್ಸಿ ಶುರುವಾದಾಗ ಕೈ ಆಡಿಸುವುದು ಬೇರೆ, ಅಪ್ಪನ ಸ್ಕೂಟರ್ ಸದ್ದು ಕೇಳಿ ಆಡಿಸುವುದು ಬೇರೆ, ಕಷ್ಟದ ಲೆಕ್ಕ ಬಂದಾಗ ಆಡಿಸುವುದು ಬೇರೆ. ಮೊದಲನೆಯದಕ್ಕೆ ಮಿಕ್ಸಿಯ ಸದ್ದಿಗೆ ಏನಾದರೂ ಮಾಡಿ. ಎರಡನೆಯದಕ್ಕೆ ಖುಷಿಪಡಿ. ಮೂರನೆಯದಕ್ಕೆ ಸುಮ್ಮನಿದ್ದು ಕಾಯಿರಿ, ಉತ್ತರ ಬರುತ್ತಿದೆ.

ಓಡಾಟಕ್ಕೆ ಎಡಿಎಚ್‌ಡಿ (ಗಮನದ ಕೊರತೆ, ಅತಿಚಟುವಟಿಕೆ) ಕೂಡ ಕಾರಣವಿರಬಹುದು. 2013ರ ಡಿಎಸ್‌ಎಂ-5 ಬರುವವರೆಗೆ, ಮನೋವೈದ್ಯರು ಬಳಸುವ ಆ ಕೈಪಿಡಿಯ ಪ್ರಕಾರ ಒಬ್ಬರಿಗೇ ಆಟಿಸಂ, ಎಡಿಎಚ್‌ಡಿ ಎರಡನ್ನೂ ಬರೆಯುವಂತಿರಲಿಲ್ಲ. ಹಳೆಯ ವರದಿ ಹಿಡಿದು ಬರುವವರಿಗೆ ಇನ್ನೊಮ್ಮೆ ತೋರಿಸಿ ಎನ್ನುತ್ತೇನೆ.

3. ಮೈಗೆ ತಾನೆಲ್ಲಿದ್ದೇನೆಂದು ಗೊತ್ತಾಗಬೇಕು.

ಕಣ್ಣು ಮುಚ್ಚಿಕೊಂಡರೂ ಕೈ ಎಲ್ಲಿದೆ ಎಂದು ನಮಗೆ ತಿಳಿಯುತ್ತದೆ. ಸ್ನಾಯು, ಕೀಲುಗಳಿಂದ ಬರುವ ಸುದ್ದಿ ಅದು. ತಲೆ ಯಾವ ಕಡೆ ವಾಲಿದೆ, ಯಾವ ಕಡೆ ತಿರುಗುತ್ತಿದೆ ಎಂಬುದನ್ನು ಒಳಕಿವಿ ಹೇಳುತ್ತದೆ. ಆಟಿಸಂ ಇರುವ ಹಲವರಲ್ಲಿ ಈ ಸುದ್ದಿ ಮಸುಕಾಗಿ ಬರುತ್ತದೆ, ಕೆಲವರಲ್ಲಿ ತೀರಾ ಜೋರಾಗಿ. ಮಸುಕಾಗಿ ಬರುವವರು ನೆಗೆದು, ಗುದ್ದಿ, ಸೋಫಾ ಕುಶನ್ನುಗಳ ಕೆಳಗೆ ತೂರಿ ಅದನ್ನು ಹುಡುಕಿಕೊಳ್ಳುತ್ತಾರೆ. ಆಟಿಸಂ ಇರುವ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಹದಿಹರೆಯದಲ್ಲಿ ಅರಿಜೋನಾದ ತಮ್ಮ ಚಿಕ್ಕಮ್ಮನ ರ‍್ಯಾಂಚಿನಲ್ಲಿ, ಚುಚ್ಚುಮದ್ದು ಕೊಡುವಾಗ ದನಗಳನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಕಟಕಟೆ ನೋಡಿ, ಅಂಥದ್ದೇ ಒಂದನ್ನು ತಮಗಾಗಿ ಮಾಡಿಕೊಂಡರು. ಒತ್ತಡದ ಅಳತೆ ಅವರ ಕೈಯಲ್ಲೇ ಇತ್ತು ಎಂಬುದು ಇಲ್ಲಿ ಮುಖ್ಯ. ಬೇಡವೆನ್ನುವ ಮಗುವನ್ನು ಬಿಗಿಯಾಗಿ ಅಪ್ಪಿ ಹಿಡಿಯುವುದು ಚಿಕಿತ್ಸೆಯಲ್ಲ.

ಇಂಥ ಸುದ್ದಿಗಳನ್ನು ಮಿದುಳು ಹೇಗೆ ಒಟ್ಟುಗೂಡಿಸಿಕೊಳ್ಳುತ್ತದೆ ಎಂದು ವಿವರಿಸಲು ಕ್ಯಾಲಿಫೋರ್ನಿಯಾದ ಆಕ್ಯುಪೇಷನಲ್ ಥೆರಪಿಸ್ಟ್ ಜೀನ್ ಏರ್ಸ್ 1972ರಲ್ಲಿ ಪುಸ್ತಕವಾಗಿ ತಂದ ಸೆನ್ಸರಿ ಇಂಟಿಗ್ರೇಷನ್ ಸಿದ್ಧಾಂತದ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಆದರೆ ಮನೆಗೆಲಸ ಕೊಡಲು ಸಿದ್ಧಾಂತವೇನೂ ಬೇಡ. ನಮ್ಮ ಮನೆಗಳಲ್ಲಿ ಮೈಗೆ ತೂಕ, ಎಳೆತ, ಒತ್ತಡ ಸಿಗುವ ಕೆಲಸಕ್ಕೆ ಕೊರತೆಯಿಲ್ಲ: ಚಪಾತಿ ಹಿಟ್ಟು ನಾದುವುದು, ಒದ್ದೆ ಬಟ್ಟೆ ಹಿಂಡುವುದು, ಗಿಡಕ್ಕೆ ಬಕೆಟ್ಟಿನಲ್ಲಿ ನೀರು ಹೊರುವುದು, ಹಾಸಿಗೆ ಸುತ್ತಿಡುವುದು. ಒಬ್ಬ ಹುಡುಗಿ ದಿನಾ ಸಂಜೆ ಹಿಟ್ಟು ನಾದಿದ ಮೇಲೆ ಅಲ್ಲೇ ಅಡುಗೆಕಟ್ಟೆಯ ಬಳಿ ನಿಂತು ಕನ್ನಡ ಪಾಠ ಓದುತ್ತಾಳೆ. ಮೊದಲು ಮೊಣಕೈವರೆಗೆ ಹಿಟ್ಟು, ನೆಲಕ್ಕೂ ಹಿಟ್ಟು. ಅವಳಮ್ಮ ಪೇಪರು ಹಾಸಿ ಬಿಟ್ಟುಬಿಟ್ಟರು, ಬೈಯಲಿಲ್ಲ. ಆ ತಾಯಿಯ ಮೇಲೆ ನನಗೆ ಬಹಳ ಗೌರವ.

ಉಯ್ಯಾಲೆಯ ಬಗ್ಗೆ ಒಂದು ಮಾತು. ಹಿಂದೆಮುಂದೆ ನಿಧಾನವಾಗಿ ತೂಗಿದರೆ ಸಾಮಾನ್ಯವಾಗಿ ಮನಸ್ಸು ತಣ್ಣಗಾಗುತ್ತದೆ. ಹಗ್ಗ ಹುರಿಗೊಳಿಸಿ ಗರಗರ ತಿರುಗಿಸಿದರೆ ಕೆರಳುತ್ತದೆ. ಮಲಗುವ ಮುಂಚೆ ಎರಡನೆಯದು ಬೇಡ.

4. ಓದಿಗೆ ಮುಂಚೆ ಓಟ.

1984ರಲ್ಲಿ ಅಮೆರಿಕದ ಕರ್ನ್, ಕೇಗಲ್, ಡನ್‌ಲ್ಯಾಪ್ ಎಂಬ ಸಂಶೋಧಕರು ಆಟಿಸಂ ಇರುವ ಮಕ್ಕಳನ್ನು 15 ನಿಮಿಷ ಓಡಿಸಿ ನೋಡಿದರು, ಇನ್ನೊಮ್ಮೆ ಅಷ್ಟೇ ಹೊತ್ತು ಚೆಂಡಾಟ ಆಡಿಸಿ ನೋಡಿದರು. ಓಟದ ನಂತರ ಒಂದೇ ಚಲನೆಯನ್ನು ಮತ್ತೆಮತ್ತೆ ಮಾಡುವುದು ಕಡಿಮೆಯಾಯಿತು. ಹಗುರವಾದ ಚೆಂಡಾಟದಿಂದ ಅಂಥ ಬದಲಾವಣೆ ಕಾಣಲಿಲ್ಲ. ಇರಾನಿನಲ್ಲಿ 14 ವಾರ ಕರಾಟೆಯ ಕಾಟಾ ಎಂಬ ಚಲನೆಗಳ ಸರಣಿ ಕಲಿಸಿದ ಅಧ್ಯಯನ 2012ರಲ್ಲಿ ಬಂತು, ಅದರಲ್ಲೂ ಇದೇ ದಿಕ್ಕಿನ ಫಲಿತಾಂಶ. ಈ ಅಧ್ಯಯನಗಳು ಚಲನೆ ಕಡಿಮೆಯಾಗುವುದನ್ನೇ ಯಶಸ್ಸೆಂದು ಅಳೆದವು, ಅದರಿಂದ ನನಗೆ ಸಮಾಧಾನವಿಲ್ಲ. ನಾನು ನೋಡುವುದು ಓಟದ ನಂತರ ಪುಸ್ತಕ ತೆರೆದಾಗ ಎಷ್ಟು ಹೊತ್ತು ಗಮನ ನಿಲ್ಲುತ್ತದೆ ಎಂಬುದನ್ನು. ಉಸಿರು ಜೋರಾಗುವಷ್ಟು ಓಡಿ, ನೀರು ಕುಡಿದು, ಸ್ವಲ್ಪ ಸುಧಾರಿಸಿಕೊಂಡು ಕೂತರೆ ಬಹಳ ಮಕ್ಕಳಿಗೆ ಗಮನ ಚೆನ್ನಾಗಿ ನಿಲ್ಲುತ್ತದೆ.

ಶಾಲೆಗಳಿಗೆ ಒಂದು ವಿನಂತಿ. ಹೋಂವರ್ಕ್ ಮುಗಿಸಲಿಲ್ಲವೆಂದು ಇಂಥ ಮಗುವಿನ ಪಿ.ಟಿ. ಪೀರಿಯಡ್ ಕಿತ್ತುಕೊಳ್ಳಬೇಡಿ.

5. ಶುರು ಮಾಡಲಾಗದಿರುವುದು ಸೋಮಾರಿತನವಲ್ಲ.

ಚಲನೆ ಎಂದರೆ ಎಲ್ಲರೂ ಓಡಾಡುವವರ ಬಗ್ಗೆಯೇ ಮಾತಾಡುತ್ತಾರೆ. ಇನ್ನೊಂದು ತುದಿಯವರು ಕಣ್ಣಿಗೆ ಬೀಳುವುದಿಲ್ಲ. ಒಬ್ಬ ಪಿಯುಸಿ ಹುಡುಗ ತಟ್ಟೆಯ ಮುಂದೆ ಕೂತಿರುತ್ತಾನೆ. ಹಸಿವಾಗಿದೆ, ಸಾರನ್ನ ಇಷ್ಟ, ಕೈ ಮೇಲೆ ಏಳುವುದಿಲ್ಲ. "ತಿನ್ನೋ" ಎಂದು ನಾಲ್ಕು ಜನ ಹೇಳಿದಷ್ಟೂ ಕೈ ಕಲ್ಲಾಗುತ್ತದೆ. ಅಣ್ಣ ಬಂದು ಪಕ್ಕದಲ್ಲಿ ಕೂತು, ಏನೂ ಹೇಳದೆ ತನ್ನ ತಟ್ಟೆಯಲ್ಲಿ ಅನ್ನ ಕಲಸಲು ಶುರು ಮಾಡಿದರೆ ಇವನ ಕೈಯೂ ಹೊರಡುತ್ತದೆ. ಪುಸ್ತಕದ ಮುಂದೆಯೂ ಇದೇ ಕಥೆ. ಆಟಿಸಂ ಇರುವ ದೊಡ್ಡವರು ಇದಕ್ಕೆ ಇನರ್ಷಿಯಾ ಎನ್ನುತ್ತಾರೆ. ಮನಸ್ಸು ಮಾಡಿದ್ದನ್ನು ಶುರು ಮಾಡಲು ಹೊರಗಿನಿಂದ ಒಂದು ತಳ್ಳು ಬೇಕಾಗುತ್ತದೆ ಎಂದು ಅವರೇ ವಿವರಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಮೊಣಕೈಯನ್ನು ಹಗುರವಾಗಿ ಮುಟ್ಟುವುದು (ಅವರು ಒಪ್ಪಿದರೆ), ಜೊತೆಯಲ್ಲೇ ಕೂತು ಅದೇ ಕೆಲಸ ಮಾಡುವುದು, ಒಂದು ಹಾಡು ಹಾಕುವುದು, ಎದ್ದು ಎರಡು ಸುತ್ತು ನಡೆದು ಬರುವುದು, ಇವು ಕೆಲಸಕ್ಕೆ ಬರುತ್ತವೆ. ಬೈಗುಳ ಬರುವುದಿಲ್ಲ.

ಆದರೆ ಹದಿಹರೆಯದಲ್ಲಿ ಇದು ಹೊಸದಾಗಿ ಶುರುವಾದರೆ, ಮುಂಚೆ ಸಲೀಸಾಗಿ ಮಾಡುತ್ತಿದ್ದುದೆಲ್ಲ ನಿಧಾನವಾದರೆ, ಹೊಸ್ತಿಲ ಬಳಿ ನಿಂತು ದಾಟಲಾಗದೆ ಒದ್ದಾಡಿದರೆ, ಊಟ ಮಾತು ಕಡಿಮೆಯಾದರೆ, ನನ್ನ ಬಳಿ ಬೇಡ, ಮನೋವೈದ್ಯರ ಬಳಿ ಹೋಗಿ. ಕೆಟಟೋನಿಯಾ (ಚಲನೆ ಸ್ತಬ್ಧವಾಗುವ ಸ್ಥಿತಿ) ಇರಬಹುದು. 2000ದಲ್ಲಿ ಬ್ರಿಟನ್ನಿನ ಸಂಶೋಧಕರಾದ ಲೋರ್ನಾ ವಿಂಗ್ ಮತ್ತು ಅಮಿತಾ ಶಾ ಆಟಿಸಂನಲ್ಲಿ ಇದನ್ನು ವಿವರವಾಗಿ ಗುರುತಿಸಿದರು. ಇದಕ್ಕೆ ಚಿಕಿತ್ಸೆ ಇದೆ. ವಯಸ್ಸಿನ ಮೊಂಡುತನ ಎಂದುಕೊಂಡು ತಿಂಗಳುಗಟ್ಟಲೆ ಕಾದರೆ ಕಷ್ಟ ಹೆಚ್ಚುತ್ತದೆ.

6. "ನನ್ನ ಮುಖ ನೋಡಿ ಹೇಳು" ಎನ್ನಬೇಡಿ.

ಕಷ್ಟದ ಪ್ರಶ್ನೆಗೆ ಯೋಚಿಸುವಾಗ ಸಾಮಾನ್ಯವಾಗಿ ಮಕ್ಕಳು ಕಣ್ಣು ಬೇರೆ ಕಡೆ ತಿರುಗಿಸುತ್ತಾರೆ. ಆಟಿಸಂ ಇರುವ ಮಕ್ಕಳೂ ಅಷ್ಟೇ. ಕಿಟಕಿ ನೋಡುತ್ತಾ ಹೇಳಿದ ಉತ್ತರಕ್ಕೂ ಅಷ್ಟೇ ಅಂಕ.

7. ಹಾನಿ ಮಾಡುವ ಚಲನೆಗೆ ಮೊದಲು ನೋವು ಹುಡುಕಿ.

ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಏಕಾಏಕಿ ಶುರುವಾದರೆ ಹಲ್ಲು, ಕಿವಿ, ಹೊಟ್ಟೆ ಪರೀಕ್ಷೆ ಮಾಡಿಸಿ. ಮಾತು ಬಾರದ ಮಗುವಿನ ಮಲಬದ್ಧತೆ ಹೀಗೂ ಹೊರಗೆ ಬರುತ್ತದೆ. ಕರೆದರೂ ಅರಿವಿಲ್ಲದಂತೆ ನೋಟ ನಿಂತುಹೋದರೆ, ಕೈಕಾಲು ಒಮ್ಮೆಗೇ ಝಟಕಾ ಹೊಡೆದರೆ ಫೋನಿನಲ್ಲಿ ವಿಡಿಯೊ ಮಾಡಿ ನರರೋಗ ತಜ್ಞರಿಗೆ ತೋರಿಸಿ. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು. ನೋವೂ ಇಲ್ಲ, ರೋಗವೂ ಇಲ್ಲ ಎಂದಾದ ಮೇಲೆ ನಮ್ಮ ಕೆಲಸ. ಅದೇ ಒತ್ತಡವನ್ನು ಪೆಟ್ಟಾಗದಂತೆ ಕೊಡುವ ಇನ್ನೊಂದು ದಾರಿ ಹುಡುಕುತ್ತೇವೆ, ಬರೀ "ಬೇಡ" ಎಂದು ಕೈ ಹಿಡಿಯುವುದಿಲ್ಲ.

8. ದುಬಾರಿ ಸಾಮಾನು ಕೊಳ್ಳುವ ಮುಂಚೆ ಅಳೆದು ನೋಡಿ.

ತೂಕದ ಜಾಕೆಟ್ ಹಾಕಿದರೆ ಗಮನ ಹೆಚ್ಚುತ್ತದೆ ಎಂಬುದಕ್ಕೆ ಅಧ್ಯಯನಗಳ ಬೆಂಬಲ ದುರ್ಬಲ. ಒಂದೇ ರೀತಿಯ ಹೋಂವರ್ಕನ್ನು ಕೆಲವು ದಿನ ಅದನ್ನು ಹಾಕಿ, ಕೆಲವು ದಿನ ಹಾಕದೆ ಮಾಡಿಸಿ. ವ್ಯತ್ಯಾಸ ಕಾಣದಿದ್ದರೆ ವಾಪಸ್ ಕೊಡಿ.

9. ಶಾಲೆಯಲ್ಲಿ ಕೇಳುವುದು ಹಕ್ಕು, ದಯವಿಟ್ಟು ಕೇಳಿ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಆಟಿಸಂ ಇದೆ. ಮಗುವಿಗೆ ಬೇಕಾದ ಸೂಕ್ತ ಹೊಂದಾಣಿಕೆ ಮಾಡಿಕೊಡುವುದು ಆ ಕಾಯ್ದೆಯಡಿ ಶಾಲೆಯ ಕರ್ತವ್ಯ. ಶೇ. 40 ಅಥವಾ ಹೆಚ್ಚಿನ ವೈಕಲ್ಯದ ಪ್ರಮಾಣಪತ್ರವಿದ್ದರೆ, ಕೇಂದ್ರದ 2018ರ ಪರೀಕ್ಷಾ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕೆಂದಿತ್ತು; ಈಗಿನ ನಿಯಮ ಏನೆಂದು ಶಾಲೆಯಲ್ಲಿ ವಿಚಾರಿಸಿ. ಸಿಗುವ ಹೆಚ್ಚುವರಿ ಸಮಯದಲ್ಲಿ ಎದ್ದು ನಿಲ್ಲಲು, ಕೋಣೆಯಲ್ಲೇ ನಾಲ್ಕು ಹೆಜ್ಜೆ ಹಾಕಲು ಬಿಡಿ ಎಂದು ಮುಖ್ಯೋಪಾಧ್ಯಾಯರಿಗೆ ಪರೀಕ್ಷೆಗೆ ಬಹಳ ಮುಂಚೆಯೇ ಬರೆದುಕೊಡಿ. ತರಗತಿಯಲ್ಲಿ ಹಿಂದಿನ ಸಾಲಿನ ಅಂಚಿನ ಜಾಗ ಕೇಳಿ. ಅಲ್ಲಿ ನಿಂತು ತೂಗಿದರೆ ಯಾರಿಗೂ ಅಡ್ಡವಾಗುವುದಿಲ್ಲ. ನಡುವೆ ಎದ್ದು ಓಡಾಡಲು ನೆಪವಾಗಿ, ಹಾಜರಿ ಪುಸ್ತಕ ಆಫೀಸಿಗೆ ಕೊಟ್ಟು ಬರುವ ಕೆಲಸ ಮಗುವಿಗೇ ಇರಲಿ.

10. ನೆಂಟರ ಮುಂದೆ ಮಗುವಿನ ಪರ ನಿಲ್ಲಿ.

ಮೊಮ್ಮಗನನ್ನು ಕರೆತರುವ ಒಬ್ಬರು ಅಜ್ಜಿ ಕೇಳಿದ್ದರು: "ಮದುವೆ ಮನೇಲಿ ಎಲ್ರೂ ನೋಡ್ತಾರೆ ಕಣಮ್ಮ. ಈ ಕೈ ಆಡ್ಸೋದನ್ನ ಬಿಡ್ಸಕ್ಕಾಗಲ್ವಾ?"

"ಓಲಗದ ಸದ್ದು ತಡೆಯಕ್ಕೆ ಅವನಿಗಿರೋದು ಅದೊಂದೇ ಅಜ್ಜಿ. ಅದನ್ನೂ ಬಿಡ್ಸಿದ್ರೆ ಛತ್ರದಲ್ಲಿ ಕೂರೋದಾದ್ರೂ ಹೇಗೆ?"

ಮುಂದಿನ ಮದುವೆಯಲ್ಲಿ ಯಾರೋ ಕೇಳಿದಾಗ "ಅವನಿಗೆ ಸದ್ದು ಜಾಸ್ತಿ ಆಯ್ತು, ಹಾಗೆ ಮಾಡಿದ್ರೆ ಸರಿಹೋಗುತ್ತೆ" ಎಂದು ಅಜ್ಜಿಯೇ ಉತ್ತರ ಕೊಟ್ಟರಂತೆ.

11. ದೊಡ್ಡವರಾದ ಮೇಲೂ ಇದು ಬೇಕು.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಒಬ್ಬ ಯುವತಿ ದಿನವಿಡೀ ಆಫೀಸಿನಲ್ಲಿ ಮೈ ಬಿಗಿಹಿಡಿದು ಕೂತು, ಮನೆಗೆ ಬಂದು ದೀಪ ಆರಿಸಿ ಮಲಗಿಬಿಡುತ್ತಿದ್ದರು. ಕೋಡಿನ ತಪ್ಪು ಹುಡುಕುವುದು ಅವರಿಗೆ ಸಲೀಸಾಗುವುದು ನಡೆಯುವಾಗ. ಇದನ್ನು ಬಾಲ್ಯದಿಂದ ಬಲ್ಲರು, ಹೇಳಿಕೊಳ್ಳಲು ನಾಚಿಕೆ. ನಾವಿಬ್ಬರೂ ಕೂತು ಮ್ಯಾನೇಜರಿಗೆ ಒಂದು ಚಿಕ್ಕ ಇಮೇಲ್ ಬರೆದೆವು. ಆಟಿಸಂನ ವಿವರವೇನೂ ಇಲ್ಲ, ಮೂರು ಬೇಡಿಕೆ ಅಷ್ಟೇ: ಮೆಟ್ಟಿಲ ಪಕ್ಕದ ಸೀಟು, ಮೀಟಿಂಗಿನಲ್ಲಿ ಹಿಂದೆ ನಿಂತುಕೊಳ್ಳಲು ಅವಕಾಶ, ಫೋನ್ ಕರೆಗಳನ್ನು ಕಾರಿಡಾರಿನಲ್ಲಿ ಓಡಾಡುತ್ತಾ ಮುಗಿಸಲು ಒಪ್ಪಿಗೆ. ಮೂರಕ್ಕೂ ಅದೇ ವಾರ ಒಪ್ಪಿಗೆ ಬಂತು. ಈಗ ಅವರ ತಂಡದ ಇನ್ನಿಬ್ಬರು ಕೂಡ ಮೀಟಿಂಗಿನಲ್ಲಿ ನಿಂತೇ ಇರುತ್ತಾರೆ.