ತಪ್ಪು ಯಾರದೆಂದು ಹುಡುಕುವುದು ಮನೆ ಕೊಂಡವರ ಕೆಲಸವಲ್ಲ

ಅಮೆರಿಕದಲ್ಲಿ ಕಾರ್ಖಾನೆಯಲ್ಲಿ ಮನೆ ಕಟ್ಟಿ, ಹೆದ್ದಾರಿಯ ಮೇಲೆ ಎಳೆದು ತಂದು, ನಿವೇಶನದಲ್ಲಿ ಕೂರಿಸಿ ಕೊಡುತ್ತಾರೆ. ಮ್ಯಾನುಫ್ಯಾಕ್ಚರ್ಡ್ ಹೋಮ್ ಎಂದು ಅದರ ಹೆಸರು. ಹಳಬರ ಬಾಯಲ್ಲಿ ಈಗಲೂ ಮೊಬೈಲ್ ಹೋಮ್. ನಾನು ಕೊಂಡಿದ್ದು ಇಂಥದ್ದೇ ಮನೆ. ಊರಿನ ನೆಂಟರಿಗೆ ಫೋಟೊ ಕಳಿಸಿದಾಗ, "ಚಕ್ರ ಎಲ್ಲಿದೆ?" ಎಂದು ನಕ್ಕವರೂ ಇದ್ದಾರೆ. ಇಲ್ಲಿ ಜಾಗದಲ್ಲೇ ಕಟ್ಟುವ ಮನೆಗೆ ಹೋಲಿಸಿದರೆ ಇದರ ಬೆಲೆ ಬಹಳ ಕಡಿಮೆ. ಕಾಲೇಜೊಂದರ ಕಚೇರಿಯಲ್ಲಿ ಕೆಲಸ ಮಾಡುವ ನನ್ನಂಥವರ ಕೈಗೆ ಎಟುಕುವ ಸ್ವಂತ ಮನೆ ಇದೊಂದೇ.

ಬೆಲೆ ಕಡಿಮೆಯಾದರೂ ಒಂದು ತೊಡಕಿದೆ. ಈ ಮನೆ ನಿಮ್ಮ ಕೈ ಸೇರುವ ಮೊದಲು ಮೂವರ ಕೈ ದಾಟಿರುತ್ತದೆ. ಕಟ್ಟುವುದು ಕಾರ್ಖಾನೆ, ಮಾರುವುದು ಡೀಲರ್, ನೆಲದ ಮೇಲೆ ಕೂರಿಸುವುದು ಇನ್‌ಸ್ಟಾಲರ್. ಏನಾದರೂ ಕೆಟ್ಟರೆ, ಮದುವೆ ಊಟದ ಸಾರಿಗೆ ಉಪ್ಪು ಹೆಚ್ಚಾದಾಗ ಭಟ್ಟರು ಬಡಿಸುವವರನ್ನೂ, ಬಡಿಸುವವರು ಭಟ್ಟರನ್ನೂ ತೋರಿಸುವ ಹಾಗೆ, ಮೂವರೂ ಪರಸ್ಪರ ಬೆರಳು ತೋರಿಸುತ್ತಾರೆ. ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ನಿಮ್ಮ ಖಾತೆಯಿಂದ ಹೋಗುತ್ತಿರುತ್ತದೆ.

ನನ್ನ ಮನೆ ಎರಡು ಭಾಗಗಳಾಗಿ ಬಂದು ನಡುವೆ ಜೋಡಣೆಯಾದದ್ದು. ಇಲ್ಲಿನವರು ಇದನ್ನು ಡಬಲ್ ವೈಡ್ ಎನ್ನುತ್ತಾರೆ. ಮೊದಲ ಚಳಿಗಾಲ ಕಳೆದು ಹಿಮ ಕರಗುವ ಹೊತ್ತಿಗೆ, ಹಾಲ್‌ನ ಸೂರಿನಲ್ಲಿ ಆ ಜೋಡಣೆಯ ಉದ್ದಕ್ಕೂ ಕೂದಲೆಳೆಯಂಥ ಬಿರುಕು ಮೂಡಿತು. ಮಲಗುವ ಕೋಣೆಯ ಬಾಗಿಲು ನೆಲಕ್ಕೆ ಉಜ್ಜತೊಡಗಿತು. ಆಮೇಲೆ ಬಿರುಕಿನ ಪಕ್ಕದಲ್ಲೇ ಚಹಾ ಬಣ್ಣದ ಕಲೆ ಕಾಣಿಸಿಕೊಂಡಿತು. ಟಾರ್ಚ್ ಹಿಡಿದು, ಹೊರಗಿನ ಹಲಗೆ ಬಿಚ್ಚಿ ಮನೆಯ ಅಡಿಗೆ ತೆವಳಿದೆ. ಮನೆಯ ಉಕ್ಕಿನ ತೊಲೆಗಳನ್ನು ಕಾಂಕ್ರೀಟ್ ಇಟ್ಟಿಗೆಯ ಕಂಬಗಳು ಹೊತ್ತಿರುತ್ತವೆ. ತೊಲೆಗೂ ಕಂಬಕ್ಕೂ ನಡುವೆ ಮರದ ಬೆಣೆ ಬಡಿದಿರುತ್ತಾರೆ. ಒಂದು ಸಾಲಿನ ಬೆಣೆಗಳನ್ನು ಎರಡೇ ಬೆರಳಲ್ಲಿ ಅಲ್ಲಾಡಿಸಬಹುದಿತ್ತು. ನೆಲಕ್ಕೆ ಹಾಸಿದ್ದ ಪ್ಲಾಸ್ಟಿಕ್ ಹಾಳೆಯ ಮೇಲೆ ನೀರು ನಿಂತಿತ್ತು.

ಕಾರ್ಖಾನೆಯವರಿಗೆ ಫೋನ್ ಮಾಡಿದರೆ, "ನಮ್ಮಲ್ಲಿಂದ ಹೊರಟಾಗ ಮನೆ ಸರಿಯಾಗಿತ್ತು, ಕೂರಿಸಿದವರು ಮಟ್ಟ ತಪ್ಪಿಸಿದ್ದಾರೆ" ಎಂದರು. ಕೂರಿಸಿದವರು, "ಮಣ್ಣು ಹೆಪ್ಪುಗಟ್ಟಿ ಉಬ್ಬಿದೆ, ಅದಕ್ಕೆ ನಾವೇನು ಮಾಡೋಣ? ಸೂರಿನ ಜೋಡಣೆ ಕಾರ್ಖಾನೆಯದೇ ದೋಷ" ಎಂದರು. ಡೀಲರ್, "ನಾವು ಮಾರುವವರಷ್ಟೇ" ಎಂದು ಇಬ್ಬರ ನಂಬರನ್ನೂ ಮತ್ತೆ ಕೊಟ್ಟ.

ಇಂಥ ಹೊತ್ತಿನಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು ತಪ್ಪು ಯಾರದೆಂದು ತಾವೇ ಪತ್ತೆ ಹಚ್ಚುವ ಯೋಚನೆ. ಕಾನೂನು ನಮ್ಮಿಂದ ಅದನ್ನು ಕೇಳುವುದಿಲ್ಲ. ದೋಷ ಇದೆ ಎಂದು ತೋರಿಸುವುದು ಮತ್ತು ಸಮಯಕ್ಕೆ ಸರಿಯಾಗಿ ತಿಳಿಸುವುದು, ಮನೆ ಕೊಂಡವರ ಪಾಲಿಗಿರುವುದು ಇವೆರಡೇ. ಹೊಣೆ ಹಂಚಿಕೊಳ್ಳುವುದು ಆ ಮೂವರ ತಲೆನೋವು.

ಈ ಮನೆಗಳ ಗುಣಮಟ್ಟಕ್ಕೆ ಅಮೆರಿಕದ ಸಂಸತ್ತು 1974ರಲ್ಲಿ ಕಾಯ್ದೆ ತಂದಿತು. ಅದರಡಿ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಯ, ಎಂದರೆ ಎಲ್ಲರೂ 'ಹಡ್' ಎನ್ನುವ ಇಲಾಖೆಯ, ನಿಯಮಗಳು 1976ರ ಜೂನ್ 15ರಿಂದ ಜಾರಿಯಲ್ಲಿವೆ. ಅಂದಿನಿಂದ ಪ್ರತಿ ಭಾಗದ ಹೊರಗೋಡೆಗೂ ಕೆಂಪು ಲೋಹದ ಪಟ್ಟಿಯೊಂದನ್ನು ಹೊಡೆದಿರುತ್ತಾರೆ. ಒಳಗೆ, ಅಡುಗೆಮನೆಯ ಕಪಾಟಿನಲ್ಲೋ ವಿದ್ಯುತ್ ಪೆಟ್ಟಿಗೆಯ ಬಳಿಯೋ, ಮನೆಯ ಕ್ರಮಸಂಖ್ಯೆ, ತಯಾರಕರ ಹೆಸರು, ಸೂರು ಎಷ್ಟು ಹಿಮದ ಭಾರ ತಾಳುತ್ತದೆ, ಎಂಥ ಗಾಳಿಯ ವಲಯಕ್ಕೆ ಹೊಂದುತ್ತದೆ ಎಂಬುದೆಲ್ಲ ಬರೆದ ಹಾಳೆ ಅಂಟಿಸಿರುತ್ತದೆ. 2000ದಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ, ಕಾರ್ಖಾನೆ, ಡೀಲರ್, ಇನ್‌ಸ್ಟಾಲರ್ ನಡುವಿನ ಹೊಣೆಯ ಜಗಳ ಬಗೆಹರಿಸಲು ಒಂದು ವ್ಯವಸ್ಥೆ ಇರಲೇಬೇಕೆಂದಾಯಿತು. ರಾಜ್ಯಗಳು ತಮ್ಮದೇ ವ್ಯವಸ್ಥೆ ನಡೆಸಬಹುದು. ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿ ಈ ಮನೆಗಳಿಗೆಂದೇ ಸರ್ಕಾರಿ ವಿಭಾಗಗಳಿವೆ. ರಾಜ್ಯದ ವ್ಯವಸ್ಥೆ ಇಲ್ಲದ ಕಡೆ ಹಡ್ ತಾನೇ ನಡೆಸುತ್ತದೆ. ನನ್ನದು ಹಾಗೆ ಹಡ್ ಪಾಲಿಗೆ ಬಂದ ಪ್ರಕರಣ.

ಇದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ವರ್ಷದ ಗಡುವು. ಮನೆಯನ್ನು ಮೊದಲು ಕೂರಿಸಿದ ದಿನದಿಂದ ಒಂದು ವರ್ಷದೊಳಗೆ ದೋಷವನ್ನು ತಿಳಿಸಿರಬೇಕು. ದೋಷ ಕಣ್ಣಿಗೆ ಬಿದ್ದ ದಿನದಿಂದಲೋ ಸಾಲ ಶುರುವಾದ ದಿನದಿಂದಲೋ ಲೆಕ್ಕವಲ್ಲ. ಮೂವರಲ್ಲಿ ಯಾರಿಗೆ ತಿಳಿಸಿದರೂ ಆಗುತ್ತದೆ, ರಾಜ್ಯದ ಇಲಾಖೆಗೆ ಅಥವಾ ಹಡ್‌ಗೆ ತಿಳಿಸಿದರೂ ಆಗುತ್ತದೆ. ಫೋನಿನಲ್ಲಿ ಹೇಳಿದ್ದಕ್ಕೆ ನಾಳೆ ಸಾಕ್ಷಿ ಇರುವುದಿಲ್ಲ. ಆದ್ದರಿಂದ ನಾನು ಒಂದೇ ಪುಟದ ಪತ್ರ ಬರೆದೆ. ಕ್ರಮಸಂಖ್ಯೆ, ಕೆಂಪು ಪಟ್ಟಿಯ ಸಂಖ್ಯೆ, ಕೂರಿಸಿದ ದಿನಾಂಕ, ಬಿರುಕು, ಬಾಗಿಲು, ಕಲೆ, ಬೆಣೆ, ನಿಂತ ನೀರು, ಒಂದೊಂದಕ್ಕೂ ಫೋಟೊ. ಯಾರ ತಪ್ಪು ಎಂದು ಒಂದಕ್ಷರವನ್ನೂ ಬರೆಯಲಿಲ್ಲ. ಮೂವರಿಗೂ ಅದೇ ಪ್ರತಿಯನ್ನು ಸ್ವೀಕೃತಿ ಚೀಟಿ ಬರುವಂಥ ಅಂಚೆಯಲ್ಲಿ ಕಳಿಸಿದೆ.

ಜೊತೆಗೆ ಮೂವರಿಗೂ ಸಂಬಂಧವಿಲ್ಲದ ಒಬ್ಬ ಮನೆ ತಪಾಸಣೆಗಾರನನ್ನು ಕರೆಸಿದೆ. ಕೆಲವು ನೂರು ಡಾಲರ್ ಖರ್ಚಾಯಿತು. ಈ ಇಡೀ ವ್ಯವಹಾರದಲ್ಲಿ ನಾನು ಕೊಟ್ಟ ಹಣದಲ್ಲಿ ಅತಿ ಹೆಚ್ಚು ಕೆಲಸ ಮಾಡಿದ್ದು ಅದೇ. ಆತ ಮಟ್ಟಗೋಲು ಇಟ್ಟು ಎಲ್ಲಿ ಎಷ್ಟು ಇಳಿದಿದೆ ಎಂದು ಬರೆದುಕೊಟ್ಟ. ರಿಪೇರಿಯನ್ನು ಮಾತ್ರ ಆಗ ಮಾಡಿಸಲಿಲ್ಲ. ಪರಿಚಯದವರೊಬ್ಬರು, "ಜಾಕ್ ಹಾಕಿ ಅರ್ಧ ದಿನದಲ್ಲಿ ಎತ್ತಿಬಿಡೋಣ" ಎಂದರು. ಹಾಗೆ ಮಾಡಿದ್ದರೆ ಸಾಕ್ಷಿ ಅಳಿಸಿಹೋಗುತ್ತಿತ್ತು, ಮೇಲಾಗಿ ಮೂವರೂ ನಾಲ್ಕನೆಯವರತ್ತ ಬೆರಳು ತೋರಿಸುತ್ತಿದ್ದರು. ನೀರು ಸೋರುವ ಕಡೆ ಟಾರ್ಪಾಲು ಹೊದಿಸುವಂಥ ತಾತ್ಕಾಲಿಕ ರಕ್ಷಣೆ ಮಾಡಿ ಅದರ ರಸೀದಿ ಇಟ್ಟುಕೊಂಡರೆ ಸಾಕು. ಸಿಟ್ಟಿನಲ್ಲಿ ಸಾಲದ ಕಂತನ್ನೂ ನಿಲ್ಲಿಸಬಾರದು. ಸಾಲ ಕೊಟ್ಟವರಿಗೂ ಈ ಜಗಳಕ್ಕೂ ಸಂಬಂಧವಿಲ್ಲ. ಕಂತು ತಪ್ಪಿದರೆ ಕೆಡುವುದು ನಮ್ಮ ಕ್ರೆಡಿಟ್ ಸ್ಕೋರ್.

ಹಡ್‌ಗೆ ಅರ್ಜಿ ಹಾಕಲು ಮನೆಯವರು ಶುಲ್ಕ ಕೊಡಬೇಕಿಲ್ಲ. ಮೊದಲು ಅರ್ಜಿಯನ್ನು ಪರಿಶೀಲಿಸುತ್ತಾರೆ. ಗೋಡೆಕಾಗದ ಸುಕ್ಕಾಗಿದೆ, ಬಣ್ಣ ಮಾಸಿದೆ ಎಂಬಂಥ ಅಂದಚೆಂದದ ದೂರುಗಳು ಅಲ್ಲೇ ನಿಲ್ಲುತ್ತವೆ. ಮನೆಯ ಯಾವುದಾದರೂ ಭಾಗ ಬಳಕೆಗೆ ಬಾರದಂತೆ ಮಾಡುವ ದೋಷವಿರಬೇಕು. ಮುಂದಿನದು ಮಧ್ಯಸ್ಥಿಕೆ. ಕೂತು ಮಾತಾಡುವವರು ಕಾರ್ಖಾನೆ, ಡೀಲರ್, ಇನ್‌ಸ್ಟಾಲರ್. ನಾವು ಅಲ್ಲಿ ಕಕ್ಷಿದಾರರಲ್ಲ, ಮಾಹಿತಿ ಕೊಡುವವರಷ್ಟೇ. ಸಾಮಾನ್ಯವಾಗಿ 30 ದಿನಗಳಲ್ಲಿ ಒಪ್ಪಂದಕ್ಕೆ ಬರಬೇಕು. ಬರದಿದ್ದರೆ ಪಂಚಾಯ್ತಿಕೆಗೆ ಹೋಗಬಹುದು. ಪಂಚರ ತೀರ್ಮಾನವೇ ಕೊನೆಯಲ್ಲ. ಅದು ಶಿಫಾರಸಾಗಿ ಹಡ್‌ಗೆ ಹೋಗುತ್ತದೆ, ಆದೇಶ ಹೊರಡಿಸುವುದು ಹಡ್.

ನನ್ನ ವಿಷಯ ಮಧ್ಯಸ್ಥಿಕೆಯಲ್ಲೇ ಮುಗಿಯಿತು. ಕಂಬಗಳನ್ನು ಮತ್ತೆ ಕೂರಿಸಿ ಮಟ್ಟ ಮಾಡುವುದು, ನೀರು ಹೊರಹೋಗಲು ದಾರಿ ಮಾಡುವುದು ಇನ್‌ಸ್ಟಾಲರ್ ಪಾಲಿಗೆ. ಸೂರಿನ ಜೋಡಣೆಯನ್ನು ಬಿಚ್ಚಿ ಮತ್ತೆ ಮುಚ್ಚುವುದು ಕಾರ್ಖಾನೆಯ ಪಾಲಿಗೆ ಬಂತು. ಒದ್ದೆಯಾಗಿ ಹಾಳಾದ ಕಾರ್ಪೆಟ್‌ನ ಖರ್ಚು ಮಾತ್ರ ನನ್ನ ಮೇಲೇ ಬಿತ್ತು. ಈ ವ್ಯವಸ್ಥೆ ಇರುವುದು ದೋಷ ಸರಿಪಡಿಸಲು, ನಷ್ಟದ ಹಣ ಕೊಡಿಸಲು ಅಲ್ಲ. ಅದು ಬೇಕಿದ್ದರೆ ವಾರಂಟಿಯ ದಾರಿ, ಕೋರ್ಟಿನ ದಾರಿ ಬೇರೆ ಇವೆ. ಹಡ್‌ಗೆ ಹೋದ ಮಾತ್ರಕ್ಕೆ ಅವು ಮುಚ್ಚುವುದಿಲ್ಲ.

ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಂಡವರಿಗೂ ಇದೇ ತಿಳಿವಳಿಕೆ ಉಪಯೋಗಕ್ಕೆ ಬರುತ್ತದೆ. 2016ರ ರೇರಾ ಕಾಯ್ದೆಯ 14(3)ನೇ ಸೆಕ್ಷನ್ ಪ್ರಕಾರ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲೋ ಕೆಲಸದ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ, ಬಿಲ್ಡರ್ ಅದನ್ನು 30 ದಿನದೊಳಗೆ ಪುಕ್ಕಟೆಯಾಗಿ ಸರಿಪಡಿಸಬೇಕು. ಇಲ್ಲವಾದರೆ ಪರಿಹಾರ ಕೇಳಬಹುದು. ಕಟ್ಟಿದವರು ಒಬ್ಬರು, ಮಾರಿದವರು ಇನ್ನೊಬ್ಬರು ಆಗಿದ್ದರೂ ಕಾಯ್ದೆಯ ಕಣ್ಣಲ್ಲಿ ಇಬ್ಬರೂ ಪ್ರವರ್ತಕರೇ, ಇಬ್ಬರೂ ಜಂಟಿ ಹೊಣೆಗಾರರೇ. ಹಾಗಾಗಿ "ಅದು ಜಾಗದ ಮಾಲೀಕರ ಪಾಲಿನ ಫ್ಲ್ಯಾಟು, ಅವರನ್ನೇ ಕೇಳಿ" ಎಂಬ ಮಾತಿಗೆ ಬೆಚ್ಚಬೇಕಿಲ್ಲ.

ಮನೆ ಅಮೆರಿಕದ ಕಾರ್ಖಾನೆಯದಾಗಲಿ, ಯಲಹಂಕದ ಅಪಾರ್ಟ್‌ಮೆಂಟಿನದಾಗಲಿ, ಮನೆ ಕೂರಿಸಿದ ಇಲ್ಲವೇ ಸ್ವಾಧೀನ ಕೊಟ್ಟ ದಿನಾಂಕವನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಗಡುವು ಮುಗಿಯುವ ಎರಡು ತಿಂಗಳು ಮುಂಚೆ ತಪಾಸಣೆಗಾರನನ್ನು ಕರೆಸಿ ಮನೆಯನ್ನು ಒಮ್ಮೆ ಪೂರ್ತಿ ನೋಡಿಸಿ. ಬಿರುಕು ಕಂಡರೆ ಅದೇ ವಾರ ಪತ್ರ ಬರೆಯಿರಿ, ಎಲ್ಲರಿಗೂ ಕಳಿಸಿ, ಚೀಟಿ ಜೋಪಾನವಾಗಿಡಿ. ತಪ್ಪು ಯಾರದೆಂಬ ವಾದವನ್ನು ಅವರವರಿಗೇ ಬಿಟ್ಟುಬಿಡಿ.