ಪೊಲೀಸ್ ನೌಕರಿಗೆ ಡಿಪ್ಲೊಮಾ ಬೇಕೇ?

ಪ್ರಶ್ನೆ: ನಮ್ಮದು ರೋಣ ತಾಲ್ಲೂಕಿನ ಅಸೂಟಿ. ಮಗಳು ಪಿಯುಸಿ ಕಲಾ ವಿಭಾಗದಲ್ಲಿ ಪಾಸಾಗಿದ್ದಾಳೆ. ಪೊಲೀಸ್, ಇಲ್ಲವೇ ಕೋರ್ಟಿನ ನೌಕರಿಯೇ ಬೇಕು ಅನ್ನುತ್ತಾಳೆ. ‘ಕ್ರಿಮಿನಲ್ ಜಸ್ಟಿಸ್’ ಅಂತ ಒಂದು ವರ್ಷದ ಡಿಪ್ಲೊಮಾ ಮಾಡಿಸಿದರೆ ಅನುಕೂಲವಂತೆ. ಫೀ ಕಟ್ಟಬಹುದೇ?

ಉತ್ತರ: ಪೊಲೀಸ್ ನೌಕರಿಗಾಗಿ ಅಂತಾದರೆ ಕಟ್ಟಬೇಡಿ. ನಮ್ಮಲ್ಲಿ ಮೊದಲು ಆಯ್ಕೆ, ಆಮೇಲೆ ತರಬೇತಿ. ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಪಿಯುಸಿ ಸಾಕು. ಆಯ್ಕೆಯಾದವರನ್ನು ಇಲಾಖೆಯೇ ಧಾರವಾಡ, ಖಾನಾಪುರದಂಥ ತರಬೇತಿ ಶಾಲೆಗಳಿಗೆ ಕಳಿಸಿ, ಸಂಬಳ ಕೊಟ್ಟು, ಕವಾಯತು, ಕಾನೂನು, ಬಂದೂಕು ಎಲ್ಲವನ್ನೂ ಕಲಿಸುತ್ತದೆ. ಮಗಳು ಈಗಲೇ ಮಾಡಬೇಕಾದ್ದು ಓಟ ಮತ್ತು ಓದು. ಮಹಿಳೆಯರು 400 ಮೀಟರನ್ನು ಎರಡು ನಿಮಿಷದಲ್ಲಿ ಓಡಬೇಕು. ಇದಕ್ಕೆ ಊರ ರಸ್ತೆ ಸಾಕು.

ಪಿಎಸ್‌ಐ ಆಗಲು ಪದವಿ ಬೇಕು. ‘ದುಡ್ಡು ಕೊಡಿ, ಕೆಲಸ ಮಾಡಿಸಿಕೊಡುತ್ತೇವೆ’ ಅನ್ನುವವರನ್ನು ಹೊಸ್ತಿಲಿಂದಲೇ ಹೊರಗೆ ಕಳಿಸಿ. 545 ಪಿಎಸ್‌ಐ ಹುದ್ದೆಗಳ ಪರೀಕ್ಷೆ ಅಕ್ರಮದಿಂದಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದ ಮಕ್ಕಳೂ ಅಷ್ಟು ಕಾಲ ಕಾಯಬೇಕಾಯಿತು.

ಮೊದಲೇ ಕಲಿತು ಹೋಗಬೇಕಾದ ವಿದ್ಯೆಗಳೂ ಇವೆ. ವಕೀಲಿ ಅಂಥದ್ದು: ಪಿಯುಸಿ ನಂತರ ಐದು ವರ್ಷ, ಪದವಿ ನಂತರವಾದರೆ ಮೂರು. ಹುಬ್ಬಳ್ಳಿಯಲ್ಲೇ ಕಾನೂನು ವಿಶ್ವವಿದ್ಯಾಲಯವಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗವಿದೆ. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯವೂ ಧಾರವಾಡಕ್ಕೆ ಬಂದಿದೆ. ಆದರೆ ಪ್ರಯೋಗಾಲಯದ ಕೆಲಸಕ್ಕೆ ವಿಜ್ಞಾನದ ಪದವಿ ಕೇಳುತ್ತಾರೆ. ಕಲಾ ವಿಭಾಗದವರಿಗೆ ಆ ದಾರಿ ಕಷ್ಟ ಅನ್ನುವುದನ್ನು ಈಗಲೇ ಹೇಳಿಬಿಡುವುದು ಮೇಲು.

ನನ್ನ ಮನಸ್ಸಿನಲ್ಲಿರುವುದು ಇನ್ನೊಂದು ದಾರಿ, ಯಾರೂ ಹೆಚ್ಚು ಹೇಳದ್ದು: ಬೆರಳಚ್ಚು ಮತ್ತು ಶೀಘ್ರಲಿಪಿ. ಇವುಗಳ ಪರೀಕ್ಷೆಯನ್ನು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ನಡೆಸುತ್ತದೆ. ಜಿಲ್ಲಾ ನ್ಯಾಯಾಲಯಗಳು ಶೀಘ್ರಲಿಪಿಗಾರ, ಬೆರಳಚ್ಚುಗಾರ ಹುದ್ದೆಗಳಿಗೆ ಅರ್ಜಿ ಕರೆದಾಗ ಈ ಸರ್ಟಿಫಿಕೇಟುಗಳೇ ಬೇಕು. ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಮುಗಿಸಿದರೆ ಒಳ್ಳೆಯದು. ನ್ಯಾಯಾಧೀಶರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಳ್ಳುವ ಈ ಕೆಲಸ ಚಿಕ್ಕದಲ್ಲ. ಸಾಕ್ಷಿಯ ಮಾತು ಅಲ್ಲಿ ತಪ್ಪಿದರೆ ಒಬ್ಬರ ಬದುಕೇ ತಪ್ಪುತ್ತದೆ.

ಪೊಲೀಸ್ ಠಾಣೆಯಲ್ಲೂ ಅಷ್ಟೇ, ಕೆಲಸದ ದೊಡ್ಡ ಪಾಲು ಬರವಣಿಗೆ. ಫಿರ್ಯಾದಿ, ಹೇಳಿಕೆ, ಪಂಚನಾಮೆ ಎಲ್ಲವೂ ಕಾಗದಕ್ಕಿಳಿಯಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಶೋಧನೆ, ಜಪ್ತಿಗಳನ್ನು ವಿಡಿಯೊ ಮಾಡಬೇಕು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕೆಂದೂ ಅದೇ ಕಾನೂನು ಹೇಳುತ್ತದೆ. ರಾಜ್ಯಗಳು ಇದನ್ನು ಐದು ವರ್ಷದೊಳಗೆ ಜಾರಿಗೆ ತರಬೇಕು. ಸ್ಪಷ್ಟವಾಗಿ ಬರೆಯಬಲ್ಲ, ಕಂಪ್ಯೂಟರ್ ಬಲ್ಲ ಹುಡುಗಿಗೆ ಇಲ್ಲಿ ಬೆಲೆ ಹೆಚ್ಚು.

ಹಾಗಾಗಿ ಮಗಳು ಬಿ.ಎ. ಸೇರಲಿ, ಜೊತೆಗೇ ಟೈಪಿಂಗ್ ಕ್ಲಾಸಿಗೂ ಹೋಗಲಿ. ಕಾನ್‌ಸ್ಟೆಬಲ್ ಅಧಿಸೂಚನೆ ಬಂದಾಗ ಅರ್ಜಿ ಹಾಕಲಿ. ಡಿಪ್ಲೊಮಾಕ್ಕೆ ತೆಗೆದಿಟ್ಟ ದುಡ್ಡಿನಲ್ಲಿ ಮೊದಲು ಒಂದು ಜೊತೆ ಓಟದ ಬೂಟು ಕೊಡಿಸಿ.